ಪರಿಚಿತ ಪದಗಳ ಅಪರಿಚಿತ ಪಾಠ

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಸಂಕಷ್ಟದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಗಣಿತ ಮತ್ತು ವಿಜ್ಞಾನಗಳ ಹೆಸರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಇಂಟರ್‌ಮೀಡಿಯೆಟ್‌ನಲ್ಲಿ ಭೌತಶಾಸ್ತ್ರವನ್ನು ಹೇಗೆ ಎದುರಿಸಿಯಾನು ಎಂದು ಪೋಷಕರು ಚಿಂತಿಸುತ್ತಾರೆ. ಆ ಚಿಂತೆ ಸಕಾರಣವಾದದ್ದೇ. ಆದರೆ ಅದೇ ಪೋಷಕರು ಸಿವಿಕ್ಸ್ ಎಂದೊಡನೆ ನಿಶ್ಚಿಂತರಾಗುತ್ತಾರೆ. ಅದರಲ್ಲೇನಿದೆ, ಕಥೆಯಂತೆ ಓದಿಕೊಂಡರಾಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ಗಣಿತಕ್ಕೆ ಅಂಜಿದವರು ಎಚ್.ಇ.ಸಿ. ಅಥವಾ ಸಿ.ಇ.ಸಿ. ಗುಂಪನ್ನು ಆರಿಸಿಕೊಳ್ಳುತ್ತಾರೆ. ಸುಲಭವೆಂದು ನಂಬಿ ಹೊಕ್ಕ ಈ ವಿಷಯದಲ್ಲಿಯೇ ಕನ್ನಡದ ಮಕ್ಕಳಿಗೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಆ ತೊಡಕಿಗೆ ಯಾರೂ ಹೆಸರಿಟ್ಟಿಲ್ಲ. ಹೆಸರಿಲ್ಲದ್ದರಿಂದ ದೂರು ಕೊಡುವವರೂ ಇಲ್ಲ.

ಹೊಳಗುಂದ, ಹಾಲಹರ್ವಿ, ಕೌತಾಳಂ, ಚಿಪ್ಪಗಿರಿ, ಆಲೂರು ಮಂಡಲಗಳ ಹಳ್ಳಿಗಳಿಂದ ಕನ್ನಡ ಓದಿದ ಮಕ್ಕಳು ಕಾಲೇಜಿಗೆಂದು ಆದೋನಿಗೋ ಎಮ್ಮಿಗನೂರಿಗೋ ಬರುತ್ತಾರೆ. ಇಂಟರ್‌ಮೀಡಿಯೆಟ್ ಮೊದಲ ವರ್ಷದ ಸಿವಿಕ್ಸ್ ಎಂಬುದು ಹೆಸರಿಗೆ ಪೌರಶಾಸ್ತ್ರವಾದರೂ ವಸ್ತುವಿನಲ್ಲಿ ರಾಜಕೀಯ ಸಿದ್ಧಾಂತದ ಪ್ರವೇಶ ಪಾಠವೇ ಆಗಿದೆ. ರಾಜ್ಯವೆಂದರೇನು, ರಾಷ್ಟ್ರೀಯತೆ ಎಂದರೇನು, ಕಾನೂನು, ಸ್ವಾತಂತ್ರ್ಯ, ಸಮಾನತೆ, ಹಕ್ಕು, ನ್ಯಾಯ, ಪ್ರಜಾಪ್ರಭುತ್ವ ಎಂದರೇನು ಎಂಬ ಪ್ರಶ್ನೆಗಳು ಅಲ್ಲಿ ಒಂದರ ಹಿಂದೊಂದು ಬರುತ್ತವೆ. ಬಹುಪಾಲು ಮಕ್ಕಳು ಇವನ್ನು ತೆಲುಗಿನಲ್ಲಿ ಓದುತ್ತಾರೆ. ಮುಂದೆ ಪದವಿಗೆ ಸೇರಿದರೆ ಅದೇ ಪಾಠ ಇಂಗ್ಲಿಷಿನಲ್ಲಿ. 2021-22ನೆಯ ಶೈಕ್ಷಣಿಕ ವರ್ಷದಿಂದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮವೊಂದನ್ನೇ ನಡೆಸಬೇಕೆಂದು ಆಂಧ್ರಪ್ರದೇಶ ಸರಕಾರವು ತೀರ್ಮಾನಿಸಿತು. ಹೀಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಒಂದೇ ವಿಚಾರವನ್ನು ಮೂರು ಭಾಷೆಗಳಲ್ಲಿ ಎದುರುಗೊಳ್ಳುವ ಪ್ರಸಂಗ ಈ ಮಕ್ಕಳದು.

ತೆಲುಗು ಇವರಿಗೆ ಅನ್ಯವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಅದನ್ನು ಕೇಳುತ್ತ ಬೆಳೆದವರು. ಎರಡು ಲಿಪಿಗಳೂ ಒಂದೇ ಮೂಲದವು. ತಲೆಕಟ್ಟಿನ ವ್ಯತ್ಯಾಸ ಹಿಡಿದರೆ ಓದು ಸಲೀಸು. ಆದ್ದರಿಂದ ಉಪನ್ಯಾಸಕರು ಇವರನ್ನು ಭಾಷಾ ತೊಂದರೆಯಿರುವ ವಿದ್ಯಾರ್ಥಿಗಳೆಂದು ಎಣಿಸುವುದೇ ಇಲ್ಲ. ಪದ ತಿಳಿಯದವನು ಅರ್ಥ ಕೇಳುತ್ತಾನೆ. ಪದ ತಿಳಿದಿದೆಯೆಂದು ನಂಬಿದವನು ಕೇಳುವುದಿಲ್ಲ. ಇಲ್ಲಿನ ತೊಡಕು ಈ ಎರಡನೆಯ ಬಗೆಯದು. ತೆಲುಗು ಪಠ್ಯದ ಮುಖ್ಯ ಪದಗಳಲ್ಲಿ ಅನೇಕವು ಕನ್ನಡದಲ್ಲಿಯೂ ಇವೆ; ಆದರೆ ಅರ್ಥ ಬೇರೆ.

ಮೊದಲನೆಯ ಅಧ್ಯಾಯಗಳಲ್ಲೇ ಬರುವ ರಾಜ್ಯವನ್ನು ತೆಗೆದುಕೊಳ್ಳಬಹುದು. ಜನ, ಭೂಪ್ರದೇಶ, ಸರಕಾರ, ಪರಮಾಧಿಕಾರ ಎಂಬ ನಾಲ್ಕು ಅಂಗಗಳಿದ್ದರೆ ಅದು ರಾಜ್ಯ ಎಂದು ಪಾಠ ಹೇಳುತ್ತದೆ. ಅದರ ಬೆನ್ನಿಗೇ ಒಂದು ಹಳೆಯ ಪ್ರಶ್ನೆ: ಆಂಧ್ರಪ್ರದೇಶವು ರಾಜ್ಯವೇ? ಪರಮಾಧಿಕಾರವಿಲ್ಲದ್ದರಿಂದ ಅಲ್ಲ ಎಂಬುದು ನಿರೀಕ್ಷಿತ ಉತ್ತರ. ತೆಲುಗಿನ ಮಗುವಿಗೆ ಇದು ಕಷ್ಟವಲ್ಲ. ಅದರ ಭಾಷೆಯಲ್ಲಿ ಆಂಧ್ರಪ್ರದೇಶ ‘ರಾಷ್ಟ್ರಂ’; ಸಿದ್ಧಾಂತದ ಮಾತಾದಾಗ ಮಾತ್ರ ‘ರಾಜ್ಯಂ’. ಎರಡಕ್ಕೂ ಬೇರೆಬೇರೆ ಪದಗಳಿರುವುದರಿಂದ ಭೇದವು ತಾನಾಗಿ ಉಳಿಯುತ್ತದೆ. ಕನ್ನಡದ ಮಗುವಿಗಾದರೋ ಕರ್ನಾಟಕ ಒಂದು ರಾಜ್ಯ, ಆಂಧ್ರಪ್ರದೇಶ ಒಂದು ರಾಜ್ಯ, ನವೆಂಬರ್ ಒಂದು ರಾಜ್ಯೋತ್ಸವ. ರಾಷ್ಟ್ರವೆಂದರೆ ಇಡೀ ಭಾರತ. ಆಂಧ್ರಪ್ರದೇಶವು ರಾಜ್ಯವಲ್ಲ ಎಂಬ ವಾಕ್ಯ ಅದಕ್ಕೆ ಸೂರ್ಯನು ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂಬಂತೆ ತೋರುತ್ತದೆ. ತನ್ನ ತಿಳಿವಳಿಕೆಯನ್ನು ನಂಬಿ ‘ಹೌದು’ ಎಂದು ಬರೆದರೆ ಅಂಕ ಹೋಗುತ್ತದೆ. ಏಕೆ ಹೋಯಿತೆಂಬುದು ತಿಳಿಯುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ‘ಪ್ರಭುತ್ವ’ ಎದುರಾಗುತ್ತದೆ. ತೆಲುಗಿನಲ್ಲಿ ‘ಪ್ರಭುತ್ವಂ’ ಎಂದರೆ ಸರಕಾರ. ಕನ್ನಡದ ವೈಚಾರಿಕ ಬರವಣಿಗೆಯಲ್ಲಿ ಪ್ರಭುತ್ವವೆಂದರೆ ಸರಕಾರಕ್ಕಿಂತ ದೊಡ್ಡದಾದ, ಆಳುವ ಶಕ್ತಿಯ ಇಡೀ ವ್ಯವಸ್ಥೆ. ಚುನಾವಣೆಯಿಂದ ಪ್ರಭುತ್ವ ಬದಲಾಗುತ್ತದೆ, ರಾಜ್ಯ ಉಳಿಯುತ್ತದೆ ಎಂಬುದು ತೆಲುಗಿನಲ್ಲಿ ನಿರ್ವಿವಾದವಾದ ಮಾತು. ಅದೇ ವಾಕ್ಯವನ್ನು ಕನ್ನಡದ ಕಿವಿಯಿಂದ ಕೇಳಿದರೆ ತಲೆಕೆಳಗಾದ ಮಾತು. ರಾಜ್ಯಕ್ಕೂ ಸರಕಾರಕ್ಕೂ ಇರುವ ಭೇದವೇ ಈ ಶಾಸ್ತ್ರದ ಅಡಿಗಲ್ಲು. ಆ ಕಲ್ಲನ್ನೇ ವಿದ್ಯಾರ್ಥಿಯು ಓರೆಯಾಗಿ ಇಟ್ಟುಕೊಂಡರೆ ಮೇಲಿನ ಗೋಡೆ ನೆಟ್ಟಗೆ ಏಳುವುದೆಂತು?

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಗೊಂದಲ ಕನ್ನಡದ ಮಗುವಿನ ಅಜ್ಞಾನದಿಂದ ಹುಟ್ಟಿದ್ದಲ್ಲ. ಇಂಗ್ಲಿಷಿನಲ್ಲಿ ಬರೆದ ಭಾರತದ ಸಂವಿಧಾನವೂ ಎರಡೂ ಅರ್ಥಗಳಿಗೆ ಒಂದೇ ‘ಸ್ಟೇಟ್’ ಪದವನ್ನು ಬಳಸಿದೆ. ಭಾರತವು ರಾಜ್ಯಗಳ ಒಕ್ಕೂಟವೆಂದು ಒಂದನೆಯ ಅನುಚ್ಛೇದ ಹೇಳುವಾಗ ಆ ಪದದ ಅರ್ಥ ಆಂಧ್ರ, ಕರ್ನಾಟಕಗಳಂಥ ಘಟಕ. ಮೂಲಭೂತ ಹಕ್ಕುಗಳ ಭಾಗಕ್ಕೆ ಹನ್ನೆರಡನೆಯ ಅನುಚ್ಛೇದ ಕೊಡುವ ಅರ್ಥವೇ ಬೇರೆ. ಅಲ್ಲಿ ಕೇಂದ್ರ ಸರಕಾರ, ಸಂಸತ್ತು, ರಾಜ್ಯ ಸರಕಾರ, ವಿಧಾನಮಂಡಲ, ಸ್ಥಳೀಯ ಸಂಸ್ಥೆಗಳು ಎಲ್ಲವೂ ‘ಸ್ಟೇಟ್’. ಆ ಅರ್ಥದಲ್ಲಿ ಆದೋನಿಯ ಪುರಸಭೆಯೂ ‘ಸ್ಟೇಟ್’. ಅದು ನಾಗರಿಕನ ಮೂಲಭೂತ ಹಕ್ಕನ್ನು ಉಲ್ಲಂಘಿಸಿದರೆ ಉಚ್ಚ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ತೆಲುಗಿನ ವಿಂಗಡಣೆಯೂ ಪೂರ್ಣವಲ್ಲ. ಪ್ರಾಂತಕ್ಕೆ ರಾಷ್ಟ್ರವೆನ್ನುವ ಆ ಭಾಷೆಯೂ ದೇಶದ ಅಧ್ಯಕ್ಷರನ್ನು ರಾಷ್ಟ್ರಪತಿ ಎಂದೇ ಕರೆಯುತ್ತದೆ. ಈ ಮೂರು ಸಂಗತಿಗಳನ್ನು ಹಲಗೆಯ ಮೇಲೆ ಬರೆದು ಹದಿನೈದು ನಿಮಿಷ ಮಾತನಾಡಿದರೆ ಪರಮಾಧಿಕಾರದ ಪಾಠ ತೆಲುಗಿನ ಮಕ್ಕಳಿಗೂ ಇನ್ನಷ್ಟು ಸ್ಪಷ್ಟವಾದೀತು. ಕನ್ನಡದ ಹುಡುಗನ ತಪ್ಪು ಉತ್ತರವೇ ಆ ಚರ್ಚೆಗೆ ಒಳ್ಳೆಯ ಆರಂಭ.

ಉದಾಹರಣೆಗೆ ಗ್ರೀಸ್ ದೇಶಕ್ಕೆ ಹೋಗುವ ಅಗತ್ಯವೂ ಇಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಬಳ್ಳಾರಿ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರಿಗೆ ಹೋದವು. ಜನ ಕದಲಲಿಲ್ಲ, ಹೊಲ ಕದಲಲಿಲ್ಲ. ಆಳುವ ಸರಕಾರ ಮಾತ್ರ ಬದಲಾಯಿತು. ಪರಮಾಧಿಕಾರ ಬದಲಾಯಿತೇ? ಇಲ್ಲ; ಅದು ಭಾರತದಲ್ಲಿಯೇ ಉಳಿಯಿತು. ಮೂರನೆಯ ಅನುಚ್ಛೇದದ ಪ್ರಕಾರ ರಾಜ್ಯಗಳ ಎಲ್ಲೆಗಳನ್ನು ಬದಲಿಸುವ ಅಧಿಕಾರ ಸಂಸತ್ತಿನದು; ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಬೇಕೇ ಹೊರತು ಒಪ್ಪಿಗೆ ಬೇಕಿಲ್ಲ. ಅದೇ ವರ್ಷದ ಆಂಧ್ರ ರಾಜ್ಯ ಅಧಿನಿಯಮದ ಅನ್ವಯ ರಾಷ್ಟ್ರಪತಿಗಳು ತುಂಗಭದ್ರಾ ಮಂಡಳಿಯನ್ನು ರಚಿಸಿದರು. ಹೊಸಪೇಟೆಯ ಬಳಿಯ ಜಲಾಶಯದಿಂದ ಹೊರಟು, ಬಳ್ಳಾರಿ ಜಿಲ್ಲೆಯನ್ನು ಹಾದು, ಕರ್ನೂಲಿನ ಪಶ್ಚಿಮ ಭಾಗಕ್ಕೆ ಬರುವ ಕೆಳಮಟ್ಟದ ಕಾಲುವೆಯ ನೀರು ಎರಡು ಸರಕಾರಗಳ ನಡುವೆ ಈ ಮಂಡಳಿಯ ಆಡಳಿತದಲ್ಲಿ ಹರಿಯುತ್ತದೆ. ಜನ, ಭೂಮಿ, ಸರಕಾರ, ಪರಮಾಧಿಕಾರ ಎಂಬ ನಾಲ್ಕು ಅಂಗಗಳೂ ವಿದ್ಯಾರ್ಥಿಯ ಊರಿನ ಕಾಲುವೆಯ ದಂಡೆಯಲ್ಲೇ ಇವೆ. ಪಠ್ಯಪುಸ್ತಕ ಅವನ್ನು ಹೇಳದಿದ್ದರೆ ಉಪನ್ಯಾಸಕನಾದರೂ ಹೇಳಬಹುದು.

ರಾಜ್ಯದ ಗೊಂದಲ ಅಂಕವನ್ನು ಕಳೆಯುತ್ತದೆ. ‘ಜಾತಿ’ಯ ಗೊಂದಲ ಮಾನವನ್ನೇ ಕಳೆಯಬಲ್ಲದು. ತೆಲುಗಿನಲ್ಲಿ ‘ಜಾತಿ’ ಎಂದರೆ ರಾಷ್ಟ್ರವಾಗಿ ಒಗ್ಗೂಡಿದ ಜನ, ‘ಜಾತೀಯವಾದಂ’ ಎಂದರೆ ರಾಷ್ಟ್ರವಾದ, ‘ಜಾತೀಯ ಪತಾಕಂ’ ಎಂದರೆ ರಾಷ್ಟ್ರಧ್ವಜ. ಕನ್ನಡದವರು ಜಾತಿ ಎನ್ನುವುದಕ್ಕೆ ಅಲ್ಲಿ ‘ಕುಲಂ’ ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಹತ್ತು ವರ್ಷ ‘ಜಾತೀಯತೆ ಒಂದು ಸಾಮಾಜಿಕ ಪಿಡುಗು’ ಎಂದು ಪ್ರಬಂಧ ಬರೆದು ಬಂದ ಹುಡುಗಿಗೆ, ಜಾತೀಯ ಭಾವನೆಯು ಜನರನ್ನು ಒಗ್ಗೂಡಿಸುತ್ತದೆ ಎಂಬ ವಾಕ್ಯ ಎದುರಾದರೆ ಏನಾಗಬೇಕು? ಕನ್ನಡದ ಅರ್ಥವನ್ನೇ ಹಿಡಿದು ಉತ್ತರ ಬರೆದರೆ ಮೌಲ್ಯಮಾಪಕನ ಕಣ್ಣಿಗೆ ಅದು ರಾಷ್ಟ್ರವಾದವನ್ನು ಪಿಡುಗೆಂದು ಹಳಿಯುವ ಬರಹವಾಗಿ ಕಾಣುತ್ತದೆ. ತರಗತಿಯಲ್ಲಿ ಬಾಯಿಬಿಟ್ಟು ಹೇಳಿದರೆ ನಗೆ ಏಳುತ್ತದೆ. ಒಮ್ಮೆ ನಗೆಗೀಡಾದವಳು ವರ್ಷವಿಡೀ ಮತ್ತೆ ಕೈ ಎತ್ತುವುದಿಲ್ಲ.

ಆದರೆ ಆ ನಗೆಯ ಹಿಂದೆ ದೊಡ್ಡ ವಿಚಾರವೊಂದು ಕೈತಪ್ಪಿ ಹೋಗುತ್ತದೆ. ಹುಟ್ಟು ಎಂಬ ಅರ್ಥದ ಧಾತುವಿನಿಂದ ಬಂದದ್ದು ಜಾತಿ. ಇಂಗ್ಲಿಷಿನ ‘ನೇಷನ್’ ಕೂಡ ಹುಟ್ಟು ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದಿದೆ. ಹುಟ್ಟಿನಿಂದ ಒಂದಾದವರು ಯಾರು ಎಂಬ ಪ್ರಶ್ನೆಗೆ ಒಂದು ಭಾಷೆ ಇಡೀ ಜನಸಮುದಾಯವನ್ನು ತೋರಿಸಿತು. ಇನ್ನೊಂದು ಬೇಲಿ ಹಾಕಿಕೊಂಡ ಗುಂಪನ್ನು ತೋರಿಸಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಅಂಬೇಡ್ಕರರು, ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗುವುದು ಹೇಗೆಂದು ಪ್ರಶ್ನಿಸಿ, ಜಾತಿಗಳು ರಾಷ್ಟ್ರವಿರೋಧಿಯಾದವು ಎಂಬ ನಿಲುವನ್ನು ಮುಂದಿಟ್ಟರು. ಕನ್ನಡದ ಅರ್ಥ ಮತ್ತು ತೆಲುಗಿನ ಅರ್ಥಗಳ ನಡುವೆ ಸಿಕ್ಕಿಕೊಂಡ ಹುಡುಗಿ ನಿಂತಿರುವುದು ಆ ಪ್ರಶ್ನೆಯ ನಡುವೆಯೇ. ಅವಳಿಗೆ ಬೇಕಾದದ್ದು ಆ ಭಾಷಣದ ಪರಿಚಯ. ಅವಳಿಗೆ ದೊರೆಯುವುದು ಕೆಂಪು ಶಾಯಿಯ ಗೆರೆ.

ಮೂರನೆಯದು ‘ಸ್ವೇಚ್ಛೆ’. ತೆಲುಗಿನಲ್ಲಿ ‘ಸ್ವೇಚ್ಛ’ ಎಂಬುದು ಗೌರವಾರ್ಹ ಪದ; ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಪಠ್ಯದಲ್ಲಿ ಅದೇ ಹೆಸರು. ಕನ್ನಡದಲ್ಲಿ ಸ್ವೇಚ್ಛೆಯಿಂದ ನಡೆಯುವವನೆಂದರೆ ಲಂಗುಲಗಾಮಿಲ್ಲದವನು; ಸ್ವೇಚ್ಛಾಚಾರವೆಂಬುದು ಬೈಗುಳಕ್ಕೆ ಸಮೀಪದ ಮಾತು. ಸ್ವೇಚ್ಛೆಯು ಮನುಷ್ಯನ ವ್ಯಕ್ತಿತ್ವ ವಿಕಾಸಕ್ಕೆ ಅಗತ್ಯವೆಂದು ಓದುವಾಗ ಹಳ್ಳಿಯಿಂದ ಬಂದ ವಿದ್ಯಾರ್ಥಿನಿ ಒಳಗೊಳಗೇ ತಡವರಿಸಿದರೆ ಆಶ್ಚರ್ಯವಿಲ್ಲ. ಮಗಳನ್ನು ಕಾಲೇಜಿಗೆ ಕಳುಹಿಸುವಾಗ ಮನೆಯ ಹಿರಿಯರು ಹೇಳಿ ಕಳುಹಿಸುವ ಬುದ್ಧಿಮಾತೇ ಸ್ವೇಚ್ಛೆಯಾಗಿ ತಿರುಗಬೇಡ ಎಂಬುದು. ಆದರೆ ಸ್ವಾತಂತ್ರ್ಯಕ್ಕೂ ಸ್ವೇಚ್ಛಾಚಾರಕ್ಕೂ ನಡುವಿನ ಗೆರೆ ಎಲ್ಲಿ, ಆ ಗೆರೆಯನ್ನು ಎಳೆಯುವವರು ಯಾರು ಎಂಬುದೇ ಈ ಅಧ್ಯಾಯದ ತಿರುಳು. ಒಬ್ಬನ ನಡತೆ ಮತ್ತೊಬ್ಬರಿಗೆ ಹಾನಿ ತಂದಾಗ ಮಾತ್ರ ಸಮಾಜ ತಡೆಯಬಹುದೆಂದು 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ವಾದಿಸಿದ. ಅಡ್ಡಿಯಿಲ್ಲದಿರುವುದು ಒಂದು ಸ್ವಾತಂತ್ರ್ಯ, ತನ್ನನ್ನು ತಾನು ಆಳಿಕೊಳ್ಳುವುದು ಇನ್ನೊಂದು ಎಂದು 1958ರ ಉಪನ್ಯಾಸದಲ್ಲಿ ಐಸಾಯ ಬರ್ಲಿನ್ ವಿಂಗಡಿಸಿದ. ಕನ್ನಡದ ಸ್ವೇಚ್ಛೆ ಮತ್ತು ತೆಲುಗಿನ ಸ್ವೇಚ್ಛಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಈ ವಿವಾದದ ಅರ್ಧ ಪಾಲು ಎರಡು ಪದಗಳಲ್ಲಿಯೇ ತೆರೆದುಕೊಳ್ಳುತ್ತದೆ.

ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ತೆಲುಗಿನ ‘ಉದ್ಯಮಂ’ ಚಳವಳಿ. ಕನ್ನಡದ ಉದ್ಯಮ ಕೈಗಾರಿಕೆ. ತೆಲುಗಿನ ‘ಪರಿಶ್ರಮ’ ಕೈಗಾರಿಕೆ. ಕನ್ನಡದ ಪರಿಶ್ರಮ ದುಡಿಮೆಯ ಶ್ರಮ. ತೆಲುಗಿನ ‘ವಿಪ್ಲವಂ’ ಕ್ರಾಂತಿ. ಕನ್ನಡದ ವಿಪ್ಲವ ಕೋಲಾಹಲ. ತೆಲುಗಿನ ‘ಲೌಕಿಕ ರಾಜ್ಯಂ’ ಧರ್ಮನಿರಪೇಕ್ಷ ರಾಜ್ಯ. ಕನ್ನಡದಲ್ಲಿ ಲೌಕಿಕವೆಂದರೆ ಪಾರಮಾರ್ಥಿಕವಲ್ಲದ ಇಹದ ವ್ಯವಹಾರ. ಒಂದೊಂದೂ ಸಣ್ಣ ವಿಷಯವೇ. ಎಲ್ಲವೂ ಕೂಡಿ ಒಂದೇ ವರ್ಷದಲ್ಲಿ, ಒಂದೇ ಪುಸ್ತಕದಲ್ಲಿ ಎದುರಾದಾಗ ವಿದ್ಯಾರ್ಥಿಗೆ ತನ್ನ ಬುದ್ಧಿಯ ಮೇಲೆಯೇ ಅನುಮಾನ ಬರುತ್ತದೆ.

ಆಮೇಲಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಪೇಟೆಯಲ್ಲಿ ಗೈಡು ಸಿಗುತ್ತದೆ. ಹತ್ತು ಅಂಕದ ಪ್ರಶ್ನೆಗೆ ಇಂತಿಷ್ಟು ವ್ಯಾಖ್ಯೆ, ಇಂತಿಷ್ಟು ಅಂಶ ಎಂದು ಅದರಲ್ಲಿ ಸಿದ್ಧವಾಗಿರುತ್ತದೆ. ಅರ್ಥಕ್ಕೆ ಹೋಗದೆ ಕಂಠಪಾಠ ಮಾಡಿದವರು ಪಾಸಾಗುತ್ತಾರೆ. ಅರ್ಥಕ್ಕೆ ಹೋದವರು ಎಡವುತ್ತಾರೆ. ಹಕ್ಕು ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ ಆದರೂ ಅದರ ಅಧ್ಯಾಯವೂ ಅನೇಕರಿಗೆ ದಕ್ಕುವುದಿಲ್ಲ, ಕಾರಣ ಬೇರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ವಲಸೆ ಹೋಗುತ್ತವೆ. ‘ಸುಗ್ಗಿಗೆ ಹೋಗುವುದು’ ಎಂದು ಅದಕ್ಕೆ ಹೆಸರು. ತನ್ನ ಕಣದ ಹಬ್ಬವಾಗಿದ್ದ ಸುಗ್ಗಿ ಪರರ ಹೊಲದ ಕೂಲಿಯಾದ ಬಗೆಯನ್ನು ಯಾವ ನಿಘಂಟೂ ಹೇಳದು. ಹೋಗಿಬಂದ ಹುಡುಗಿ ಹೇಳಬಲ್ಲಳು. ಸಾಮಾಜಿಕ ನ್ಯಾಯದ ಪಾಠಕ್ಕೆ ಅವಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಪಾಠ ನಡೆದ ದಿನಗಳಲ್ಲಿ ಅವಳು ಗೈರುಹಾಜರಾಗಿರುತ್ತಾಳೆ. ಮರಳಿ ಬಂದ ಮೇಲೆ ಗೈಡಿನ ಉತ್ತರವನ್ನೇ ಬರೆಯುತ್ತಾಳೆ.

ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಕಾಣಬೇಕಿಲ್ಲ. ರಾಷ್ಟ್ರಂ ಎಂಬ ಪದ ಆಂಧ್ರ ಪ್ರಾಂತದ ಬೇಡಿಕೆಯ ಕಾಲದಿಂದಲೂ ತೆಲುಗಿನಲ್ಲಿ ಬಳಕೆಯಲ್ಲಿತ್ತು. ರಾಜ್ಯವೆಂಬ ಪದ ಮೈಸೂರಿನ ಆಡಳಿತದಲ್ಲಿ ನೆಲೆಯೂರಿತ್ತು. 1956ರ ಬಳಿಕ ಉನ್ನತ ಶಿಕ್ಷಣವನ್ನು ದೇಶಭಾಷೆಗಳಿಗೆ ತರುವ ಪ್ರಯತ್ನ ಎರಡೂ ಕಡೆ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದಲ್ಲಿ ಪುಸ್ತಕಗಳನ್ನು ಬರೆಯಿಸಿತು. ಹೈದರಾಬಾದಿನಲ್ಲಿ 1968ರಲ್ಲಿ ತೆಲುಗು ಅಕಾಡೆಮಿ ಸ್ಥಾಪಿತವಾಗಿ ಇಂಟರ್‌ಮೀಡಿಯೆಟ್ ಮತ್ತು ಪದವಿ ಪಠ್ಯಗಳನ್ನು ಸಿದ್ಧಪಡಿಸಿತು. ಎರಡೂ ಶ್ಲಾಘ್ಯ ಕಾರ್ಯಗಳೇ. ಪ್ರತಿಯೊಂದೂ ತನ್ನ ರಾಜ್ಯದ ಮಗುವನ್ನು ಕಣ್ಣೆದುರು ಇಟ್ಟುಕೊಂಡಿತು. ಒಂದು ರಾಜ್ಯದಲ್ಲಿ ವಾಸವಾಗಿ ಇನ್ನೊಂದು ರಾಜ್ಯದ ಭಾಷೆಯಲ್ಲಿ ಅಕ್ಷರ ಕಲಿತ ಮಗು ಯಾರ ಲೆಕ್ಕಕ್ಕೂ ಬರಲಿಲ್ಲ. ಈಗ ಇಂಗ್ಲಿಷ್ ಬಂದಿರುವುದರಿಂದ ಈ ತೊಡಕು ತಾನಾಗಿ ತೊಲಗುವುದೆಂದು ಭಾವಿಸುವವರಿದ್ದಾರೆ. ತರಗತಿಯ ವಿವರಣೆ ತೆಲುಗಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಆಲೋಚನೆ ಕನ್ನಡದಲ್ಲಿ ನಡೆಯುವವರೆಗೆ ತೊಡಕು ಮೂರು ಮಡಿಯಾಗುವುದೇ ಹೊರತು ತೊಲಗದು.

ಕಾನೂನು ಎಷ್ಟರಮಟ್ಟಿಗೆ ನೆರವಾಗಬಲ್ಲದು? 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. 29ನೆಯ ಅನುಚ್ಛೇದ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನೂ, 30ನೆಯದು ತಮ್ಮ ಆಯ್ಕೆಯ ವಿದ್ಯಾಸಂಸ್ಥೆ ಸ್ಥಾಪಿಸುವ ಹಕ್ಕನ್ನೂ ಕೊಡುತ್ತವೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಹೇಳಿರುವುದರಿಂದ ಆಂಧ್ರದ ಕನ್ನಡಿಗರಿಗೆ ಈ ಹಕ್ಕು ನಿಸ್ಸಂದೇಹವಾಗಿ ಇದೆ. ಪಂಜಾಬಿನ ವಿಶ್ವವಿದ್ಯಾಲಯವೊಂದು ಪಂಜಾಬಿಯೇ ಏಕೈಕ ಮಾಧ್ಯಮವೆಂದು ವಿಧಿಸಿದಾಗ, ಅಲ್ಪಸಂಖ್ಯಾತರು ನಡೆಸುವ ಕಾಲೇಜಿನ ಮೇಲೆ ಅದನ್ನು ಹೇರಲಾಗದೆಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಈ ರಕ್ಷಣೆ ಅಲ್ಪಸಂಖ್ಯಾತರೇ ಕಟ್ಟಿದ ಸಂಸ್ಥೆಗೆ ಸಲ್ಲುತ್ತದೆ. ಸರಕಾರಿ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನಿಗೆ ಅದರಿಂದ ನೇರ ಪ್ರಯೋಜನವಿಲ್ಲ. 350ನೆಯ ಅನುಚ್ಛೇದದ ಬಲದಿಂದ, ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಾದ ಕನ್ನಡದಲ್ಲಿ ಆತ ಯಾವ ಅಧಿಕಾರಿಗಾದರೂ ಅಹವಾಲು ಸಲ್ಲಿಸಬಹುದು. ಪರೀಕ್ಷೆಯ ಉತ್ತರಪತ್ರಿಕೆ ಮಾತ್ರ ಅಹವಾಲಲ್ಲ.

ಆದ್ದರಿಂದ ನ್ಯಾಯಾಲಯದ ದಾರಿ ಕಾಯುವುದಕ್ಕಿಂತ ಕೈಗೆಟುಕುವ ಕೆಲಸ ಮೊದಲು ಆಗಬೇಕು. ಅದು ದೊಡ್ಡದೇನಲ್ಲ. ರಾಜಕೀಯ ಸಿದ್ಧಾಂತದ ಪ್ರವೇಶ ಪಾಠದಲ್ಲಿ ಬರುವ ಐವತ್ತು ಅರುವತ್ತು ಪದಗಳನ್ನು ಆರಿಸಿ ಕನ್ನಡ, ತೆಲುಗು, ಇಂಗ್ಲಿಷ್ ಎಂದು ಮೂರು ಸಾಲುಗಳಲ್ಲಿ ಬರೆದು, ರೂಪ ಒಂದಾಗಿ ಅರ್ಥ ಬೇರೆಯಾದವುಗಳಿಗೆ ಗುರುತು ಹಾಕಿ, ಎಂಟು ಪುಟದ ಕೈಪಿಡಿಯೊಂದನ್ನು ಅಚ್ಚು ಮಾಡಿಸಬಹುದು. ಕನ್ನಡ ಶಾಲೆಗಳ ಸಮಾಜವಿಜ್ಞಾನ ಅಧ್ಯಾಪಕರು ಹತ್ತನೆಯ ತರಗತಿಯ ಕೊನೆಯ ತಿಂಗಳಲ್ಲಿ ಅದನ್ನು ಎರಡು ವಾರ ಬೋಧಿಸಿದರೆ ಸಾಕು. ಜೂನಿಯರ್ ಕಾಲೇಜಿನ ಉಪನ್ಯಾಸಕರ ಮೇಜಿನ ಮೇಲೆಯೂ ಒಂದು ಪ್ರತಿ ಇರಲಿ. ಉತ್ತರ ತಿದ್ದುವಾಗ ಇದು ಅಜ್ಞಾನವೋ ಭಾಷಾಂತರವೋ ಎಂದು ಅವರು ನೋಡಬಲ್ಲರು. ಇದೇ ಹಾದಿಯಲ್ಲಿ ನಡೆದು ಇಂದು ಪದವೀಧರರಾಗಿರುವ ಆದೋನಿ, ಆಲೂರು ಕಡೆಯ ಯುವಕ ಯುವತಿಯರು ತಾವು ಎಡವಿದ ಪದಗಳನ್ನು ನೆನಪಿಸಿಕೊಂಡು ಬರೆದುಕೊಟ್ಟರೆ ಆ ಪಟ್ಟಿ ಒಂದು ತಿಂಗಳಲ್ಲಿ ಸಿದ್ಧವಾದೀತು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಾಡುವ ವೆಚ್ಚದಲ್ಲಿ ಶಾಮಿಯಾನದ ಬಾಡಿಗೆಯಷ್ಟನ್ನು ಉಳಿಸಿದರೂ ಅಚ್ಚಿನ ಖರ್ಚಿಗೆ ಕೊರತೆಯಾಗದು.

ಇಂಟರ್‌ಮೀಡಿಯೆಟ್ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಗೆ ಹದಿನೆಂಟು ವರ್ಷ ತುಂಬುತ್ತದೆ; ಮತದಾರರ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ರಾಜ್ಯ, ಹಕ್ಕು, ಸ್ವಾತಂತ್ರ್ಯಗಳ ವಿಚಾರ ಅವನಿಗೆ ಆಮೇಲೆ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪಡಿತರ ಚೀಟಿಯಾಗಿ, ಕಾಲುವೆಯ ನೀರಾಗಿ, ಕೂಲಿಯ ದರವಾಗಿ ಎದುರು ನಿಲ್ಲುತ್ತದೆ. ಅಂದು ಮಾತನಾಡಬೇಕಾದವರು ಇಂದಿನ ತರಗತಿಯಲ್ಲಿ ಮೌನ ಕಲಿಯದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಬರುವ ಜೂನ್ ತಿಂಗಳಲ್ಲಿ ಕಾಲೇಜುಗಳು ತೆರೆಯುವ ಮುನ್ನ ಆ ಎಂಟು ಪುಟಗಳು ಮಕ್ಕಳ ಕೈ ಸೇರಲಿ.